ಮಗ್ಗ ನಿಂತ ಮನೆಯಲ್ಲಿ ಮಡಚುವ ಪಿಯಾನೊ

ಭಾನುವಾರ, ಬೆಳಗಿನ ಐದೂವರೆ. ದೊಡ್ಡಬಳ್ಳಾಪುರದ ಕರೇನಹಳ್ಳಿಯ ಈ ಓಣಿಯಲ್ಲಿ ಹಾಲಿನವನ ಬೈಕು ಬಿಟ್ಟರೆ ಇನ್ನೂ ಸದ್ದಿಲ್ಲ. ಏಳು ಗಂಟೆಯಾದರೆ ಮುಗಿಯಿತು, ಮನೆಮನೆಯ ಮಗ್ಗಗಳು ಶುರುವಾಗಿ, ಮಗ್ಗದ ಪಕ್ಕ ನಿಂತವರ ಮಾತನ್ನು ತುಟಿ ನೋಡಿ ತಿಳಿದುಕೊಳ್ಳಬೇಕು. ಅಷ್ಟರೊಳಗೆ ಕೆಲಸ ಒಂದು ಹದಕ್ಕೆ ಬರಲಿ ಎಂದು ಬನಶಂಕರಿ ಆಗಲೇ ರವಿಶಂಕರ್ ಅವರ ಮನೆಯ ಮಗ್ಗದ ಹಿಂದೆ ಕಾಲು ಮಡಚಿ ಕೂತಿದ್ದಾರೆ. ಪಕ್ಕದಲ್ಲಿ ಒಂದು ತೆಂಗಿನ ಚಿಪ್ಪು, ಅದರ ತುಂಬ ಜರಡಿ ಹಿಡಿದ ಬೂದಿ. ಬೆರಳನ್ನು ಬೂದಿಗೆ ಒತ್ತುತ್ತಾರೆ, ಮುಗಿದ ಹಾಸಿನ ಒಂದು ಎಳೆ ಹಿಡಿಯುತ್ತಾರೆ, ಹೊಸ ಹಾಸು ಸುತ್ತಿದ ಬೀಮಿನ ಒಂದು ಎಳೆ ಹಿಡಿಯುತ್ತಾರೆ, ಎರಡನ್ನೂ ಸೇರಿಸಿ ಒಂದು ಸಲ ಹೊಸೆಯುತ್ತಾರೆ. ಎಳೆ ಕೂಡಿಕೊಂಡಿತು. ಮತ್ತೆ ಬೂದಿ, ಮತ್ತೆ ಎಳೆ. ಈ ಸೀರೆಯ ಹಾಸಿನಲ್ಲಿ ಇಂಥವು ನಾಲ್ಕು ಸಾವಿರದ ಎಂಟುನೂರು ಇವೆ.

ಇದಕ್ಕೆ ಇಲ್ಲಿ ಅಚ್ಚು ಕೆಚ್ಚುವುದು ಎನ್ನುತ್ತಾರೆ. ಹಾಸು, ಅಂದರೆ ಸೀರೆಯ ಉದ್ದಕ್ಕೂ ಓಡುವ ಎಳೆಗಳು, ಮುಗಿದ ಮಗ್ಗಕ್ಕೆ ಹೊಸ ಹಾಸು ಕೂಡಿಸುವ ಕೆಲಸ. ಸೀರೆ ಉಟ್ಟವರಿಗೆ ನೇಯ್ದವರ ಹೆಸರೇ ಗೊತ್ತಿರುವುದಿಲ್ಲ, ಇನ್ನು ಎಳೆ ಕೂಡಿಸಿದವರನ್ನು ಯಾರು ಕೇಳುತ್ತಾರೆ? ಆದರೆ ಈ ಓಣಿಯ ತಾಯಂದಿರು ಬನಶಂಕರಿಯವರನ್ನು ಇನ್ನೊಂದು ಕಾರಣಕ್ಕೂ ಕೇಳಿಕೊಂಡು ಬರುತ್ತಾರೆ. ಮಗುವಿಗೆ ಯಾವ ಪಿಯಾನೊ ತೆಗೆದುಕೊಡಬೇಕು ಎಂದು ಹೇಳಬಲ್ಲವರು ಇಲ್ಲಿ ಅವರೊಬ್ಬರೇ.

ಪಿಯಾನೊ ಎಂದರೆ ಸಿನಿಮಾದ ಬಂಗಲೆಗಳಲ್ಲಿ ಕಾಣುವ ಆನೆಗಾತ್ರದ ಪೆಟ್ಟಿಗೆಯಲ್ಲ. ಪುಸ್ತಕದಂತೆ ಮಡಚಿ ಚೀಲಕ್ಕೆ ಹಾಕಿ ಹೆಗಲಿಗೇರಿಸುವ, ಮೊಬೈಲಿನಂತೆ ಚಾರ್ಜ್ ಮಾಡುವ ಡಿಜಿಟಲ್ ಪಿಯಾನೊ. ಹತ್ತಡಿಯ ಕೋಣೆಯಲ್ಲಿ ಎಂಟಡಿ ಮಗ್ಗವೇ ನುಂಗಿಕೊಂಡ ಮೇಲೆ ಉಳಿದ ಜಾಗದಲ್ಲಿ ಹಿಡಿಸುವುದು ಇದೊಂದೇ.

ಬನಶಂಕರಿಗೆ ಈಗ ನಲವತ್ತೊಂಬತ್ತು. ಹದಿಮೂರರಲ್ಲಿ ತಾಯಿ ಅಮ್ಮಯಮ್ಮನ ಪಕ್ಕ ಕೂತು ಎಳೆ ಹೊಸೆಯಲು ಕಲಿತರು. ಸಂಜೆ ಅಪ್ಪ ಪಿಳ್ಳಪ್ಪ ಭಜನೆಮನೆಯಲ್ಲಿ ಹಾರ್ಮೋನಿಯಂ ನುಡಿಸುವಾಗ ಅವರ ಪಕ್ಕ ಕೂತು ಸ್ವರ ಕಲಿತರು. "ಹಾರ್ಮೋನಿಯಂನಾಗೆ ಎಡಗೈಗೆ ಗಾಳಿ ಹಾಕೋದಷ್ಟೇ ಕೆಲ್ಸ. ನಲವತ್ತು ವರ್ಷ ಆಗೋವರ್ಗೂ ನನ್ನ ಎಡಗೈಗೆ ಏನೂ ಬರ್ತಿರ್ಲಿಲ್ಲ," ಎಂದು ನಗುತ್ತಾರೆ. ಎಡಗೈಗೆ ವಿದ್ಯೆ ಕಲಿಸಿದವರು ರಮ್ಯ ಮೇಡಂ. ದೇವನಹಳ್ಳಿಯ ಶಾಲೆಯೊಂದರ ಸಂಗೀತ ಟೀಚರು, ಇದೇ ಓಣಿಯ ಮಹಡಿಮನೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದರು. ದಿನಾ ಸರ್ಕಾರಿ ಬಸ್ಸಿನ ನೂಕುನುಗ್ಗಲಿನಲ್ಲಿ ಹೊತ್ತು ತಿರುಗಲು ಮಡಚುವ ಪಿಯಾನೊ ಇಟ್ಟುಕೊಂಡಿದ್ದರು. ಊರು ಬಿಡುವಾಗ ಅದನ್ನು ಬನಶಂಕರಿಯವರ ಕೈಗಿಟ್ಟು ಹೋದರು. ಅಂದಿನಿಂದ ಅಚ್ಚು ಕೆಚ್ಚಲು ಹೋದ ಕಡೆಯೆಲ್ಲ ಆ ಕಪ್ಪು ಚೀಲವೂ ಜೊತೆಗೆ ಹೋಗುತ್ತದೆ.

ಇದರಲ್ಲೊಂದು ಜಾಣತನವಿದೆ. ಮಗ್ಗ ಓಡುವ ಮನೆಯಲ್ಲಿ ಸಂಗೀತದ ಪಾಠ ಆಗದ ಮಾತು. ಹಾಸು ಮುಗಿದ ದಿನ ಮಾತ್ರ ಮಗ್ಗ ಅರ್ಧ ದಿನ ಬಾಯಿ ಮುಚ್ಚುತ್ತದೆ. ಇವರು ಎಳೆ ಕೂಡಿಸುತ್ತ ಕೂತರೆ ಆ ಮನೆಯ ಮಕ್ಕಳು ಎದುರಿಗೆ ಪಿಯಾನೊ ಬಿಚ್ಚಿಕೊಂಡು ಕೂರುತ್ತಾರೆ. ಬೂದಿ ಮೆತ್ತಿದ ಬೆರಳಲ್ಲಿ ಕೀ ಮುಟ್ಟುವಂತಿಲ್ಲ, ಹಾಗಾಗಿ ಪಾಠವೆಲ್ಲ ಬಾಯಲ್ಲೇ, ಕಿವಿಯಲ್ಲೇ. "ಮೂರನೇ ಬೆರಳು ಹಾಕು, ಅದು ಎರಡನೇದು," ಎಂದು ತಲೆ ಎತ್ತದೆ ಹೇಳುತ್ತಾರೆ. ಎರಡು ಮಗ್ಗದ ಮನೆಯಾದರೆ ಇನ್ನೊಂದನ್ನೂ ನಿಲ್ಲಿಸಿ ಎಂದು ಹಟ ಹಿಡಿಯುತ್ತಾರೆ. ಪಕ್ಕದ ಮಗ್ಗ ಅದುರಿದರೆ ಎಳೆ ಕೈತಪ್ಪುತ್ತದೆ ಎನ್ನುವುದು ಅವರು ಕೊಡುವ ಕಾರಣ. ನಿಜವಾದ ಕಾರಣ ಓಣಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ತಿಂಗಳಿಗೆ ಹದಿನಾಲ್ಕು ಹದಿನೈದು ಅಚ್ಚು. ಒಂದೊಂದಕ್ಕೂ ಐದಾರು ಗಂಟೆ ಬಗ್ಗಿದ ಬೆನ್ನು ನೆಟ್ಟಗಾಗುವುದಿಲ್ಲ. ಕುತ್ತಿಗೆ ನೋವಿಗೆ ರಾತ್ರಿ ಬಿಸಿ ಉಪ್ಪಿನ ಶಾಖ, ಎಳೆ ಕಾಣಲು ಎರಡು ವರ್ಷಕ್ಕೊಮ್ಮೆ ಹೊಸ ಕನ್ನಡಕ. ಇಷ್ಟರ ನಡುವೆ ಐದು ವರ್ಷದಲ್ಲಿ ಒಂಬತ್ತು ಮನೆಗಳಿಗೆ ಪಿಯಾನೊ ಆರಿಸಿಕೊಟ್ಟಿದ್ದಾರೆ. ಆರಿಸುವ ರೀತಿ ಅವರದೇ. ಮೊಬೈಲ್ ಹಿಡಿದು ಬಂದವರಿಗೆ ಮೊದಲು ಬೈಗುಳ.

"ಫೋಟೋದಾಗೆ ಎಲ್ಲಾವೂ ಲಕ್ಷಣವಾಗೇ ಇರ್ತವೆ ಕಣಪ್ಪಾ. ವಾಪಸ್ ತಗೋತಾರಾ ಅಂತ ನೋಡು ಮೊದ್ಲು. ನೂರು ತರ ದನಿ ಬರುತ್ತೆ, ಇನ್ನೂರು ತಾಳ ಬರುತ್ತೆ ಅಂತ ಬರ್ದಿರ್ತಾರೆ, ಅದನ್ನ ತಗೊಂಡು ಏನ್ ಮಾಡ್ತೀಯ? ಎಂಬತ್ತೆಂಟು ಕೀ ಅಂತ ಹಿಗ್ಗಬೇಡ. ಹೊಸದಾಗಿ ಕಲಿಯೋ ಮಗು ಒಂದು ವರ್ಷ ನಡುವಿನ ಹದಿನೈದರಲ್ಲೇ ಓಡಾಡ್ತದೆ. ಇವರು ಮಡಚೋ ಜಾಗ ಇಟ್ಟಿರೋದೂ ಆ ನಡುವೇನೇ! ಅದಕ್ಕೇ ಮೊದ್ಲು ಮಡಿಕೆ ನೋಡ್ಬೇಕು."

ಮಡಿಕೆಯನ್ನು ನೋಡುವುದು ಕಣ್ಣಿನಿಂದಲ್ಲ. ಪಿಯಾನೊವನ್ನು ಸಮತಟ್ಟಾದ ಕಲ್ಲುನೆಲದ ಮೇಲೆ ಬಿಚ್ಚಿ, ಕೂಡಿದ ಜಾಗದ ಮೇಲೆ ಹೆಬ್ಬೆರಳ ಉಗುರು ಎಳೆಯುತ್ತಾರೆ. ಉಗುರು ತಡೆದರೆ ವಾಪಸ್. ಮಡಿಕೆಯ ಆಚೆಯದೊಂದು ಈಚೆಯದೊಂದು ಕೀ ಒಟ್ಟಿಗೆ ಒತ್ತುತ್ತಾರೆ, ಎರಡೂ ಒಂದೇ ಆಳಕ್ಕೆ ಇಳಿಯಬೇಕು. ಆಮೇಲೆ ಮಗುವಿನ ಕೈ ತಂದು ಇಡಿಸುತ್ತಾರೆ. ಐದು ಬೆರಳು ಐದು ಕೀ ಮೇಲೆ ಆರಾಮವಾಗಿ ಕೂರಬೇಕು. ಕೆಲವು ಕಂಪನಿಯವರು ಜಾಗ ಉಳಿಸಲು ಕೀಗಳನ್ನೇ ಸಪೂರ ಮಾಡಿರುತ್ತಾರೆ, ಅದರಲ್ಲಿ ಕಲಿತ ಕೈ ನಾಳೆ ದೊಡ್ಡ ಪಿಯಾನೊ ಮುಂದೆ ಕೂತಾಗ ದಾರಿ ತಪ್ಪುತ್ತದೆ. ಒಂದು ಸಲದ ಚಾರ್ಜು ಎರಡು ದಿನದ ಪಾಠಕ್ಕೆ ಬರಬೇಕು. ಕೊನೆಗೆ ಮಗುವೇ ಅದನ್ನು ಮಡಚಿ, ಚೀಲಕ್ಕೆ ಹಾಕಿ, ಹೊಸಿಲು ದಾಟಿಸಿ ತೋರಿಸಬೇಕು. "ಅಪ್ಪ ಬಂದು ಇಳಿಸ್ಕೊಡಲಿ ಅಂತ ಕಾಯೋ ಮಗು ಕಲಿಯಲ್ಲ," ಎನ್ನುವುದು ಅವರ ಅನುಭವ.

ಈ ಪಟ್ಟಿಯಲ್ಲಿ ಎರಡು ವರ್ಷದ ಹಿಂದೆ ಒಂದು ಪರೀಕ್ಷೆ ಕಡಿಮೆಯಿತ್ತು. ಅದು ಕಡಿಮೆಯಿದ್ದದ್ದರ ಪೆಟ್ಟು ಬಿದ್ದದ್ದು ಇದೇ ಮನೆಯ ಮಗಳು ಮೇಘನಳಿಗೆ.

ಆಗ ಮೇಘನಳಿಗೆ ಒಂಬತ್ತು ವರ್ಷ. ಬನಶಂಕರಿ ಕಲಿಸಿದ ಮಕ್ಕಳಲ್ಲಿ ಇವಳಷ್ಟು ಚುರುಕಾದವರು ಇನ್ನೊಬ್ಬರಿಲ್ಲ. ಮಗಳಿಗೆ ಪಿಯಾನೊ ಬೇಕು ಎಂದು ರವಿಶಂಕರ್ ಕೇಳಿದಾಗ ಬನಶಂಕರಿ ಆರಿಸಿದ್ದು ಎಲ್ಲಕ್ಕಿಂತ ಜೋರಾಗಿ ಕೇಳಿಸುವುದನ್ನು. ಮಗ್ಗದ ಮನೆಯವರು ರೇಡಿಯೊದಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲವನ್ನೂ ಅಳೆಯುವುದು ಮಗ್ಗದ ಸದ್ದಿನ ಮೇಲೆ ಕೇಳುತ್ತದೆಯೇ ಎಂದೇ. ಆ ಪಿಯಾನೊದಲ್ಲಿ ಕೀಯನ್ನು ಮೆಲ್ಲಗೆ ಒತ್ತಿದರೂ ಅಷ್ಟೇ ದನಿ, ಗುದ್ದಿದರೂ ಅಷ್ಟೇ ದನಿ. ಮಗ್ಗ ಓಡುವಾಗಲೂ ಅಭ್ಯಾಸ ಬಿಡದ ಹುಡುಗಿ, ಕೇಳಲಿ ಕೇಳಲಿ ಎಂದು ಗುದ್ದುವುದನ್ನೇ ಕಲಿತಳು. ಗುದ್ದುತ್ತಿದ್ದಾಳೆ ಎಂಬುದು ಯಾರ ಕಿವಿಗೂ ಬೀಳಲಿಲ್ಲ.

ಬೆಂಗಳೂರಿನ ಸಂಗೀತ ಶಾಲೆಯೊಂದು ಚೆನ್ನಾಗಿ ನುಡಿಸುವ ಮಕ್ಕಳನ್ನು ಆರಿಸಿ ಕಲಿಸುತ್ತದೆ ಎಂದು ಕೇಳಿ ಅಪ್ಪ, ಮಗಳು, ಬನಶಂಕರಿ ಮೂವರೂ ಹೋದರು. ಅಲ್ಲಿದ್ದದ್ದು ನಿಜವಾದ ಪಿಯಾನೊ, ಬೆರಳು ಒತ್ತಿದಷ್ಟಕ್ಕೆ ತಕ್ಕ ದನಿ ಕೊಡುವಂಥದ್ದು. ಮೇಘನ ಕೈಯಿಟ್ಟ ಕೂಡಲೇ ಕೋಣೆ ಅದುರಿತು. "ಸ್ವಲ್ಪ ಮೆಲ್ಲಗಮ್ಮ," ಎಂದರು ಅಲ್ಲಿನ ಹಿರಿಯರು, ಪ್ರೀತಿಯಿಂದಲೇ. ಇನ್ನೊಮ್ಮೆ ಹೇಳಿದರು, ಮೂರನೆಯ ಸಲವೂ ಹೇಳಿದರು. ಮೆಲ್ಲಗೆ ಎಂದರೆ ಬೆರಳು ಏನು ಮಾಡಬೇಕು ಎಂಬುದೇ ಮಗುವಿಗೆ ಗೊತ್ತಿರಲಿಲ್ಲ. ವಾಪಸ್ ಬರುವಾಗ ಯಲಹಂಕ ದಾಟುವವರೆಗೂ ಬಸ್ಸಿನ ಕಿಟಕಿಗೆ ಮುಖ ಒತ್ತಿ ಅತ್ತಳು. ಮನೆಗೆ ಬಂದು ತಾನೇ ಪಿಯಾನೊ ಮಡಚಿ ಅಟ್ಟಕ್ಕೆ ಹಾಕಿದಳು. ಆಮೇಲೆ ಅದನ್ನು ಯಾರೂ ಇಳಿಸಲಿಲ್ಲ.

"ತಪ್ಪು ಮಗೂದಲ್ಲ, ನಂದು," ಎಂದು ಬನಶಂಕರಿ ಎಳೆ ಹೊಸೆಯುವುದನ್ನು ಒಂದು ಕ್ಷಣ ನಿಲ್ಲಿಸುತ್ತಾರೆ. "ನಾನು ಕಿವಿ ಇದ್ದೂ ಕಿವುಡಿ ಆಗ್ಬಿಟ್ಟೆ. ಈ ಮನೆಗೆ ಎರಡು ವರ್ಷ ಬಂದಿದೀನಿ, ಅಚ್ಚು ಕೆಚ್ಚಿದೀನಿ, ಹೋಗಿದೀನಿ. ಅವಳ ಮುಂದೆ ಈ ಚೀಲ ಬಿಚ್ಚೋಕೆ ಧೈರ್ಯ ಬಂದಿಲ್ಲ."

ಹೋದ ವಾರ ರವಿಶಂಕರ್ ತಾವೇ ಫೋನು ಮಾಡಿದರು. ಮಗಳು ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ನೆಲದ ಮೇಲೆ ಬೆರಳಾಡಿಸುತ್ತಾಳೆ, ಅಜ್ಜಿ ಸಪ್ಪಲಮ್ಮ ನೋಡಿದ್ದಾರೆ. "ಎರಡು ತರಿಸಿದೀನಿ ಅಕ್ಕ. ಒಂದು ಇಟ್ಕೊಂಡು ಒಂದು ವಾಪಸ್ ಕಳಿಸ್ಬೇಕು. ನೀವೇ ಬಂದು ಹೇಳಿ," ಎಂದರಂತೆ. ಈಗ ಗೋಡೆಗೆ ಒರಗಿಸಿದ ಆ ಎರಡು ಪೆಟ್ಟಿಗೆಗಳ ಕಡೆ ಬನಶಂಕರಿ ಆಗಾಗ ಕಣ್ಣು ಹಾಯಿಸುತ್ತಾರೆ. ಈ ಸಲವೂ ತಪ್ಪಿದರೆ ಮಗು ಮತ್ತೆ ಕೈಯಿಡುವುದಿಲ್ಲ ಎಂಬುದು ಅವರಿಗೆ ಗೊತ್ತು.

ಎಂಟು ಗಂಟೆ. ಮೇಘನ ಎದ್ದು, ಹಾಲು ಕುಡಿದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಾಳೆ. ಪಕ್ಕದ ಮನೆಗಳ ಮಗ್ಗಗಳು ಗೋಡೆಯಾಚೆ ಗುಂಯ್ ಎನ್ನುತ್ತಿವೆ. ಈ ಮನೆಯೊಳಗೆ ಮಾತ್ರ ಮಾತು ಕೇಳುತ್ತದೆ.

"ನಾನೇನು ಆರಿಸಲ್ಲ ಕಣೇ," ಎನ್ನುತ್ತಾರೆ ಬನಶಂಕರಿ, ತಲೆ ಎತ್ತದೆ. "ನನ್ನ ಕೈ ನೋಡು, ಬೂದಿ. ನೀನೇ ಎರಡೂ ಬಿಚ್ಚು. ಮಡಿಕೆ ಮೇಲೆ ಉಗುರು ಎಳಿ."

ಮೇಘನ ಎಳೆಯುತ್ತಾಳೆ. ಎರಡೂ ನುಣುಪು. ಕೈಯಗಲವೂ ಸರಿ, ಕೀಯ ಆಳವೂ ಸರಿ.

"ಸರಿ. ಈಗ ತೊಟ್ಟಿಲಲ್ಲಿ ಪಾಪು ಮಲಗೈತೆ ಅಂದ್ಕೋ. ಅದು ಎಚ್ಚರ ಆಗ್ಬಾರ್ದು. ನುಡ್ಸು."

ಇದೇ ಹೊಸ ಪರೀಕ್ಷೆ. ಮೊದಲ ಪಿಯಾನೊದ ಮೇಲೆ ಮೇಘನ ಬೆರಳನ್ನು ಇಟ್ಟೂ ಇಡದಂತೆ ಒತ್ತುತ್ತಾಳೆ. ದನಿ ಠಣ್ಣನೆ ಕೋಣೆ ತುಂಬುತ್ತದೆ. ಮತ್ತೂ ಮೆಲ್ಲಗೆ ಒತ್ತುತ್ತಾಳೆ, ಮತ್ತೆ ಅದೇ ಠಣ್.

"ಇದೇ ಇರ್ಲಿ!" ಎಂದು ಅಡುಗೆಮನೆಯಿಂದ ಸಪ್ಪಲಮ್ಮನ ತೀರ್ಪು. ಐವತ್ತು ವರ್ಷ ಮಗ್ಗದ ಪಕ್ಕ ಬಾಳಿದ ಕಿವಿ, ಅರ್ಧಕ್ಕರ್ಧ ಕೇಳಿಸದು. "ಎಷ್ಟು ಚೆನ್ನಾಗಿ ಕೇಳುತ್ತೆ ನೋಡು, ಇಲ್ಲೀಗಂಟ ಬಂತು!"

"ಪಾಪು ಎದ್ದೋಯ್ತು ಅಜ್ಜಿ," ಎನ್ನುತ್ತಾಳೆ ಮೇಘನ. ಎರಡು ವರ್ಷದಲ್ಲಿ ಪಿಯಾನೊ ಮುಂದೆ ಅವಳಾಡಿದ ಮೊದಲ ಮಾತು ಇದು. ಬನಶಂಕರಿಯವರ ಬೆರಳು ನಿಲ್ಲುತ್ತದೆ, ಮತ್ತೆ ಹೊಸೆಯುತ್ತದೆ.

ಎರಡನೆಯದರ ಮೇಲೆ ಕೈಯಿಟ್ಟಾಗ ಮೊದಲು ಏನೂ ಕೇಳಿಸುವುದಿಲ್ಲ. ಹುಡುಗಿ ಕೆಟ್ಟುಹೋಗಿದೆಯೇನೋ ಎಂಬಂತೆ ನೋಡುತ್ತಾಳೆ. ಒಂದಿಷ್ಟು ಹೆಚ್ಚು ಒತ್ತುತ್ತಾಳೆ. ಸಣ್ಣ ದನಿಯೊಂದು ಹೊರಡುತ್ತದೆ. ಮತ್ತೊಂದಿಷ್ಟು ಒತ್ತಿದರೆ ಅದು ಬೆಳೆಯುತ್ತದೆ, ಹಗುರ ಮಾಡಿದರೆ ಇಳಿಯುತ್ತದೆ. ಅವಳು ಒಂದೇ ಕೀಯನ್ನು ಇಪ್ಪತ್ತು ಸಲ, ಮೂವತ್ತು ಸಲ ಒತ್ತುತ್ತಾಳೆ. ರಾಗವಿಲ್ಲ, ಹಾಡಿಲ್ಲ, ಒಂದು ಸ್ವರ ಬೆಳೆಯುವುದು ಇಳಿಯುವುದು ಅಷ್ಟೇ. ಬನಶಂಕರಿ ಕನ್ನಡಕದ ಕೆಳಗಿನಿಂದ ಏನೋ ಇಳಿದದ್ದನ್ನು ಬೂದಿಗೈಯಲ್ಲೇ ಒರೆಸಿಕೊಳ್ಳುತ್ತಾರೆ. ಕೆನ್ನೆಗೆ ಬೂದಿ ಮೆತ್ತುತ್ತದೆ.

"ಅತ್ತೆ, ಆ ಇನ್ನೊಂದನ್ನ ವಾಪಸ್ ಕಳಿಸ್ಬಿಡೋಣ," ಎನ್ನುತ್ತಾಳೆ ಮೇಘನ ಬಹಳ ಹೊತ್ತಿನ ಮೇಲೆ.

ಹನ್ನೊಂದಕ್ಕೆ ಕೊನೆಯ ಎಳೆ ಕೂಡಿತು. ಕೂಡಿಸಿದ ಎಳೆಗಳನ್ನೆಲ್ಲ ನವಿರಾಗಿ ಮುಂದಕ್ಕೆ ಎಳೆದಾಯಿತು. ರವಿಶಂಕರ್ ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಹಚ್ಚಿದರು. ಕೆಚ್ಚಿದವರ ಎದುರಿಗೇ ಮಗ್ಗ ಹಾಕಿ, ಎಳೆ ಕೀಳುತ್ತದೋ ಇಲ್ಲವೋ ನೋಡಿಯೇ ಅವರನ್ನು ಕಳಿಸುವುದು ಇಲ್ಲಿನ ಪದ್ಧತಿ. ಬನಶಂಕರಿ ಕೈ ತೊಳೆದು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ. ರವಿಶಂಕರ್ ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದಾರೆ.

ಅದೇ ಹೊತ್ತಿಗೆ ಮೇಘನ ಶುರು ಮಾಡುತ್ತಾಳೆ. ಬೆಂಗಳೂರಿನಲ್ಲಿ ಅವಳು ಗುದ್ದಿ ನುಡಿಸಿದ್ದ ಅದೇ ಪಾಠ. ಈಗ ಪಕ್ಕದ ಮನೆಯ ಮಗ್ಗಗಳ ಗುಂಯ್‌ಗುಡುವಿಕೆಯ ಅಡಿಯಲ್ಲಿ ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ.

"ಹಾಕಪ್ಪಾ ರವಿ, ನಂಗೆ ಇನ್ನೊಂದು ಮನೆ ಐತೆ," ಎನ್ನುತ್ತಾರೆ ಬನಶಂಕರಿ. ಹೇಳುವ ದನಿಯೂ ಪಿಸುಮಾತೇ.

"ಇರಿ ಅಕ್ಕ. ಅವಳು ಮುಗಿಸ್ಲಿ."

ರವಿಶಂಕರ್ ಸ್ವಿಚ್ಚಿನಿಂದ ಕೈ ತೆಗೆದು ಗೋಡೆಗೆ ಒರಗುತ್ತಾರೆ. ಮೂವತ್ತಾರು ವರ್ಷದ ಕೆಲಸದಲ್ಲಿ, ಹಾಸು ಸಿದ್ಧವಾದ ಮೇಲೂ ಸುಮ್ಮನೆ ನಿಂತ ಮಗ್ಗವನ್ನು ಬನಶಂಕರಿ ನೋಡುತ್ತಿರುವುದು ಇದೇ ಮೊದಲು. ಸಪ್ಪಲಮ್ಮ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದು, ನುಡಿಸುತ್ತಿದ್ದಾಳೋ ನಿಲ್ಲಿಸಿದಳೋ ತಿಳಿಯದೆ, ಮೊಮ್ಮಗಳ ಪಕ್ಕ ಕೂತು ಪಿಯಾನೊ ಹತ್ತಿರಕ್ಕೆ ಕಿವಿ ಬಾಗಿಸುತ್ತಾರೆ. ಸ್ವಲ್ಪ ಹೊತ್ತಿಗೆ ಮುಖ ಅರಳುತ್ತದೆ. "ಕೇಳ್ತು ಕಣೇ," ಎನ್ನುತ್ತಾರೆ, ಅವರೂ ಮೆಲ್ಲಗೆ.

ಅಷ್ಟರಲ್ಲಿ ಬನಶಂಕರಿಯವರ ಮೊಬೈಲು ಹೊಡೆದುಕೊಳ್ಳುತ್ತದೆ. ಮುಂದಿನ ಅಚ್ಚಿಗೆ ಕಾಯುತ್ತಿರುವ ಮನೆಯವರು. ಬನಶಂಕರಿ ಜಗಲಿಗೆ ಬಂದು, ಅಂಗೈ ಅಡ್ಡ ಹಿಡಿದು ಮಾತಾಡುತ್ತಾರೆ.

"ಬರೋದು ತಡ ಆಗುತ್ತೆ ಕಣಮ್ಮ. ಇಲ್ಲಿನ್ನೂ ಮಗ್ಗ ಹಾಕಿಲ್ಲ."

ಯಾಕೆ, ಎಳೆ ಕಿತ್ತುಹೋಯಿತೇ ಎಂದು ಆ ಕಡೆಯಿಂದ ಕೇಳಿರಬೇಕು. ಬನಶಂಕರಿ ಒಳಗೆ ಒಮ್ಮೆ ತಿರುಗಿ ನೋಡುತ್ತಾರೆ.

"ಇಲ್ಲ," ಎನ್ನುತ್ತಾರೆ. "ಒಂದೂ ಕಿತ್ತಿಲ್ಲ."