ಭಾವನ ಕಾರಿಗೊಂದು ಇಳಿಜಾರು

ಮಾವನ ಮನೆಯ ಅಂಗಳ ರಸ್ತೆಗಿಂತ ಒಂದೂಕಾಲು ಅಡಿ ಎತ್ತರ. ಹದಿನಾರು ವರ್ಷದಿಂದ ಆ ಮನೆಯ ಕಿರಿಯ ಅಳಿಯ, ಗಾರೆ ಮೇಸ್ತ್ರಿ, ತನ್ನ ಮೊಪೆಡ್ಡನ್ನು ಆ ಎರಡು ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ಎಳೆದು ತರುತ್ತಿದ್ದ. ಅಲ್ಲೊಂದು ಇಳಿಜಾರು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅವನ ಹೆಂಡತಿಯ ಅಕ್ಕನ ಗಂಡ, ಅಂದರೆ ಭಾವ, ಉದ್ದನೆಯ ಐಷಾರಾಮಿ ಸೆಡಾನ್ ಕಾರು ಕೊಂಡ ವಾರದಲ್ಲೇ ಮಾವ ಫೋನ್ ಮಾಡಿದರು. "ಅಳಿಯಂದಿರೇ, ದೊಡ್ಡಳಿಯಂದಿರ ಕಾರು ಒಳಗೆ ಬರಬೇಕಲ್ಲ, ಮೆಟ್ಟಿಲು ಒಡೆದು ಇಳಿಜಾರು ಮಾಡ್ಕೊಡಿ."

ಮೇಸ್ತ್ರಿ 'ಆಗಲಿ' ಎಂದು ಫೋನ್ ಇಟ್ಟು, ತನ್ನ ಮೊಪೆಡ್ಡನ್ನೊಮ್ಮೆ ನೋಡಿದ.

ಭಾವನೂ ಫೋನ್ ಮಾಡಿದ. "ಗ್ರೌಂಡ್ ಕ್ಲಿಯರೆನ್ಸ್ ಐದೂವರೆ ಇಂಚು ಅಂತ ಪುಸ್ತಕದಲ್ಲಿದೆ, ನೋಡ್ಕೊಂಡು ಮಾಡು. ಹಾಗಂದ್ರೇನು ಗೊತ್ತಾ? ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಜಾಗ. ನಿನ್ನ ಮೊಪೆಡ್ಡಿಗೆ ಆ ತಲೆನೋವಿಲ್ಲ ಬಿಡು!"

ಊರಿನ ಅರ್ಧ ಅಂಗಡಿಗಳಿಗೆ ಇಳಿಜಾರು ಕಟ್ಟಿದವನು ಮೇಸ್ತ್ರಿ. ಭಾವ ಓದಿದ್ದು ಖಾಲಿ ಕಾರಿನ ಅಳತೆ, ಜನ ಕೂತರೆ ಸ್ಪ್ರಿಂಗ್ ಕುಸಿದು ಇಂಚುಗಟ್ಟಲೆ ಇಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಉದ್ದನೆಯ ಕಾರಾದರೆ, ಒಂದು ಜೊತೆ ಚಕ್ರ ಅಂಗಳದಲ್ಲಿ, ಇನ್ನೊಂದು ಜೊತೆ ಇಳಿಜಾರಿನಲ್ಲಿ ಇರುವಾಗ ನಡುಹೊಟ್ಟೆ, ಇಳಿಜಾರೂ ಅಂಗಳವೂ ಕೂಡುವ ಅಂಚಿಗೆ ತಾಗುತ್ತದೆ. ಆ ಅಂಚನ್ನು ಅಂಗಳದೊಳಕ್ಕೆ ಮೂರಡಿ ಎಳೆದು ದುಂಡಗೆ ಬಾಗಿಸಬೇಕು. ಅವನು ಇಳಿಜಾರು ಕಟ್ಟಿದ, ಅಂಚು ಮಾತ್ರ ಬಾಗಿಸಲಿಲ್ಲ. 'ಐದೂವರೆ ಅಂದಿದ್ದಾನೆ, ಐದೂವರೆಗೆ ಮಾಡಿದ್ದೀನಿ' ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ.

ಭಾನುವಾರ ಅಕ್ಕತಂಗಿಯರು ಮೊದಲೇ ಬಂದು ಕಾಯುತ್ತಿದ್ದರು, ಭಾವ ಒಬ್ಬನೇ ಕಾರು ಓಡಿಸಿಕೊಂಡು ಬಂದ. ಕಾರು ಸಲೀಸಾಗಿ ಒಳಗೆ ಬಂತು.

"ಬೆಣ್ಣೇಲಿ ಕೂದಲು ತೆಗೆದ ಹಾಗೆ! ಓಡಿಸೋ ಕೈ ಅಂದ್ರೆ ಅದು!" ಎಂದರು ಅತ್ತೆ. ಕಟ್ಟಿದ ಕೈಯ ಮಾತು ಯಾರೂ ಎತ್ತಲಿಲ್ಲ. ಮೇಸ್ತ್ರಿಯ ಹೆಂಡತಿಯಂತೂ ಸೀಟು ಸವರುತ್ತಾ, "ಅಕ್ಕಾ, ಎಷ್ಟು ಮೆತ್ತಗಿದೆಯೇ!" ಎಂದಳು. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಒಂದು ಸುತ್ತು ಹೋಗಿಬರಲು ಮುಂದೆ ಮಾವ, ಹಿಂದೆ ಅತ್ತೆ ಮತ್ತು ಅಕ್ಕತಂಗಿಯರು ಕೂತರು. ಕಾರು ಹಿಮ್ಮುಖವಾಗಿ ಇಳಿಯುತ್ತಿದ್ದಂತೆ ಕೆಳಗಿನಿಂದ ಕರ್‍ರ್ ಎಂದು ಸದ್ದಾಯಿತು. ಅಂಚಿನ ಮೇಲೆಯೇ ಸಿಕ್ಕಿಕೊಂಡು ನಿಂತಿತು.

ಭಾವ ಸಿಟ್ಟಾಗಲಿಲ್ಲ, ನಕ್ಕ. "ಪಾಪ, ಇಂಥ ಕಾರು ಅವನೆಲ್ಲಿ ನೋಡಿರ್ತಾನೆ? ಅವನಿಗೇನು ತಿಳಿಯುತ್ತೆ?"

ಬೈದಿದ್ದರೆ ಸಹಿಸುತ್ತಿದ್ದನೇನೋ. ಆ 'ಪಾಪ'ವನ್ನು ಮೇಸ್ತ್ರಿಗೆ ನುಂಗಲಾಗಲಿಲ್ಲ.

"ಎಲ್ರೂ ಇಳೀರಿ," ಎಂದ. ಇಳಿದರು. ಕಾರು ಮೇಲೆದ್ದಿತು. ಹೊಟ್ಟೆಗೂ ಅಂಚಿಗೂ ನಡುವೆ ಗಾರೆ ಬಳಿಯುವ ಕರಣೆಯ ಅಲಗು ತೂರಿಸಿ ಆಡಿಸಿ ತೋರಿಸಿದ. "ಈಗ ಹತ್ತಿ." ಹತ್ತಿದರು. ಅಲಗು ಕಚ್ಚಿಕೊಂಡಿತು. "ನೋಡಿದ್ರಾ ಭಾವ? ನಿಮ್ಮ ಐದೂವರೆ ಖಾಲಿ ಕಾರಿಗೆ. ಐದು ಜನ ಕೂತ ಮೇಲೆ ಎಲ್ಲುಳೀತು?"

ಭಾವನ ನಗು ಇಂಗಿತು. ಮೇಸ್ತ್ರಿಯ ಎದೆ ಉಬ್ಬಿತು.

ಮಾವ ಕಿಟಕಿಯಿಂದ ಮೆಲ್ಲಗೆ ಕೇಳಿದರು. "ಇಷ್ಟೆಲ್ಲ ಗೊತ್ತಿದ್ದೂ ಕಟ್ಟೋವಾಗ ಯಾಕೆ ಹೇಳಲಿಲ್ಲ ಅಳಿಯಂದಿರೇ?"

ಮೇಸ್ತ್ರಿ ಕರಣೆಯನ್ನು ಎಳೆದು ತೆಗೆಯತೊಡಗಿದ. ಹೆಂಡತಿ ಕಾರಿನಿಂದ ಇಳಿದು ಎದುರಿಗೆ ನಿಂತಳು. "ಹೇಳಿ, ಯಾಕೆ?"

"ಕಾರಿನ ಹೊಟ್ಟೆ ಕೆರೀಲಿ ಅಂತಾನೇ ಬಿಟ್ಟೆ."

ಎಲ್ಲರೂ ಇಳಿದು ಖಾಲಿ ಕಾರನ್ನು ರಸ್ತೆಗೆ ದಾಟಿಸಿ, ಅಲ್ಲಿ ಮತ್ತೆ ಹತ್ತಿದರು. ಹೆಂಡತಿ ಮಾತ್ರ ಹತ್ತಲಿಲ್ಲ. ಒಳಗಿಂದ ಹಾರೆ ತಂದು ಗಂಡನ ಕೈಗಿಟ್ಟಳು.

"ನನ್ನ ಗಂಡನ ಕೆಲಸ ಹೀಗಿತ್ತು ಅಂತ ಯಾರೂ ಅನ್ನಬಾರದು. ಒಡೆದು ಸರಿಯಾಗಿ ಕಟ್ಟಿ."

ಅವನು ಹಾರೆ ಎತ್ತಿದ. ಕಾರು ಬೀದಿಯ ತಿರುವು ದಾಟುವವರೆಗೂ ಅವನ ಕಣ್ಣು ಅದರ ಹಿಂದೆಯೇ ಹೋಯಿತು.

"ನೋಡಿದ್ದು ಸಾಕು," ಎಂದಳು ಹೆಂಡತಿ. "ಹೊಡೀರಿ."