ಐದು ತಂಡಗಳಿಗೆ ಬ್ಯಾರಿ ಟೀ

ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು ಸುಡುತ್ತಿದ್ದರೂ ಮಂಕಿ ಟೋಪಿ, ಉಣ್ಣೆಯ ಮಫ್ಲರು, ಎರಡು ಜೊತೆ ಕಾಲುಚೀಲ ಹಿಡಿದುಕೊಂಡು ಕೆಲಸಕ್ಕೆ ಹೊರಡುವ ಮನುಷ್ಯ ಇಡೀ ಅಬುಧಾಬಿಯಲ್ಲಿ ಹುಡುಕಿದರೂ ಒಬ್ಬರೇ ಸಿಕ್ಕಾರು. ಅವರೇ ನಮ್ಮ ಉಮರಾಕ. ಪಾಸ್‌ಪೋರ್ಟಿನಲ್ಲಿ ಬರೀ ಉಮರ್. ಹಿರಿಯರನ್ನು ಕರಾವಳಿಯ ಬ್ಯಾರಿ ಮುಸಲ್ಮಾನರು ಕರೆಯುವ ಕ್ರಮದಲ್ಲಿ ಎಲ್ಲರ ಬಾಯಲ್ಲೂ ಉಮರಾಕ. ವೀಸಾದಲ್ಲಿ ಅವರ ಉದ್ಯೋಗ ಆರ್ಕೈವ್ ಕ್ಲರ್ಕ್ ಎಂದಿದೆ. ಆ ಆರ್ಕೈವು ಎಲ್ಲಿದೆ ಎಂದು ಅವರು ಇವತ್ತಿನವರೆಗೂ ಹುಡುಕಲು ಹೋದವರಲ್ಲ. ಅವರು ನಿಜವಾಗಿ ಮಾಡುವ ಕೆಲಸ ಬೇರೆ: ಹೆಣ್ಣುಮಕ್ಕಳ ಕಾಲೇಜುಗಳ ಐಸ್ ಹಾಕಿ ಲೀಗಿನಲ್ಲಿ ಯಾರು ಎಷ್ಟು ಗೋಲು ಹೊಡೆದರು, ಯಾರಿಗೆ ಎಷ್ಟು ಪಾಯಿಂಟು ಬಂತು ಎಂದು ಬರೆದು ಪಟ್ಟಿ ತಯಾರಿಸುವುದು.

ಐಸ್ ಎಂದರೆ ಅವರಿಗೆ ಮೊದಲು ಗೊತ್ತಿದ್ದದ್ದು ಫರಂಗಿಪೇಟೆಯ ಮೀನು ಮಾರ್ಕೆಟಿನದ್ದು ಮಾತ್ರ. ಬಂಗುಡೆಯ ಮೇಲೆ ಸುರಿಯುವ ಆ ವಸ್ತುವಿನ ಮೇಲೆ ಜನ ಕತ್ತಿಯಂಥ ಶೂ ಹಾಕಿಕೊಂಡು ಓಡುತ್ತಾರೆ, ಓಡುತ್ತಾ ಒಂದು ರಬ್ಬರ್ ಬಿಲ್ಲೆಗೆ ಕೋಲಿನಿಂದ ಬಾರಿಸುತ್ತಾರೆ ಎಂದು ಯಾರಾದರೂ ಹೇಳಿದ್ದರೆ, ಅವನಿಗೆ ಬಿಸಿಲು ತಲೆಗೇರಿದೆ ಎಂದುಕೊಳ್ಳುತ್ತಿದ್ದರು. ಆದರೆ ಅಂಕ ಬರೆಯುವುದು ಅವರಿಗೆ ಹೊಸತಲ್ಲ. ಹರೆಯದಲ್ಲಿ ಊರಿನ ವಾಲಿಬಾಲ್ ಟೂರ್ನಮೆಂಟುಗಳಲ್ಲಿ ಸ್ಕೋರ್ ಬರೆಯಲು ಅವರೇ ಬೇಕಿತ್ತು. ಗೆರೆ ತುಳಿದದ್ದಕ್ಕೆ ಜಗಳ, ನೆಟ್ ಮುಟ್ಟಿದ್ದಕ್ಕೆ ಹೊಡೆದಾಟ, ಎಲ್ಲ ಆಗುತ್ತಿತ್ತು. ಉಮರ್ ಬರೆದ ಅಂಕಿಗೆ ಮಾತ್ರ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಅಬುಧಾಬಿಯ ಮುಸಫ್ಫಾದ ಗೋಡೌನಿನಲ್ಲಿ ಹನ್ನೆರಡು ವರ್ಷ ಪೆಟ್ಟಿಗೆ ಎಣಿಸಿ, ಕೊನೆಗೆ ಈ ಲೀಗಿನ ಆಫೀಸಿಗೆ ಬಂದರು. ಒಂದು ದಿನ ಸ್ಕೋರ್ ಬರೆಯುವವನು ಜ್ವರ ಬಂದು ಮಲಗಿದ. ಉಮರಾಕ ಆ ಕುರ್ಚಿಯಲ್ಲಿ ಕೂತರು. ಕೂತವರು ಇನ್ನೂ ಎದ್ದಿಲ್ಲ.

ಲೀಗಿನಲ್ಲಿ ಐದೇ ತಂಡ. ದುಬೈ ಸಿಲಿಕಾನ್ ಓಯಸಿಸ್ ಕಡೆಯ ಕಾಲೇಜಿನದ್ದು ಮೊದಲ ಸ್ಥಾನ. ಅದರಲ್ಲಿ ಆಡುವವರೆಲ್ಲ ಚಳಿ ದೇಶಗಳಿಂದ ಬಂದ ಹುಡುಗಿಯರು, ನೆಲದ ಮೇಲೆ ನಡೆಯುವ ಮೊದಲೇ ಐಸಿನ ಮೇಲೆ ಜಾರಲು ಕಲಿತವರು. ಕೊನೆಯ ಸ್ಥಾನ ಮದೀನತ್ ಜಾಯೆದ್ ಕಡೆಯ ಒಂದು ಸಣ್ಣ ಕಾಲೇಜಿನದ್ದು. ಅವರಿಗೆ ಅಲ್ಲಿ ಐಸೂ ಇಲ್ಲ, ಗೀಸೂ ಇಲ್ಲ. ಕಾಲೇಜಿನ ಹಾಲಿನಲ್ಲಿ ಚಕ್ರದ ಶೂ ಹಾಕಿಕೊಂಡು ಅಭ್ಯಾಸ ಮಾಡಿ, ಮ್ಯಾಚಿಗೆಂದು ಎರಡು ಗಂಟೆ ಬಸ್ಸಿನಲ್ಲಿ ಅಬುಧಾಬಿಗೆ ಬರುತ್ತಾರೆ, ಸೋಲುತ್ತಾರೆ, ಮತ್ತೆ ಎರಡು ಗಂಟೆ ಬಸ್ಸಿನಲ್ಲಿ ಹೋಗುತ್ತಾರೆ. ಹೀಗಾಗಿ ಆಫೀಸಿನ ಬಿಳಿ ಬೋರ್ಡಿನಲ್ಲಿ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಉಮರಾಕ ಐದು ವರ್ಷದಿಂದ ಒರೆಸಿಯೇ ಇಲ್ಲ. ಅಳಿಸಿ ಬರೆಯುವುದೇನಿದ್ದರೂ ನಡುವಿನ ಮೂರು ಸಾಲು.

ಆ ಕೊನೆಯ ಸಾಲಿನ ತಂಡಕ್ಕೆ ಗೋಲ್‌ಕೀಪರ್ ಯಾರು ಗೊತ್ತೇ? ಉಮರಾಕರ ಒಬ್ಬಳೇ ಮಗಳು ಶಿಫಾನಾ. ವಾರವಿಡೀ ಕಾಲೇಜಿನ ಹಾಸ್ಟೆಲಿನಲ್ಲಿದ್ದು ಶುಕ್ರವಾರ ಮನೆಗೆ ಬರುವ ಹುಡುಗಿ. ಅವಳು ಈ ಆಟಕ್ಕೆ ಸೇರುತ್ತೇನೆ ಎಂದಾಗ ತಾಯಿ ಝುಲೈಖ ಆಕ್ಷೇಪಣೆ ಎತ್ತಲು ಟೊಂಕ ಕಟ್ಟಿ ನಿಂತಿದ್ದರು. ಆದರೆ ಗೋಲ್‌ಕೀಪರಿನ ಉಡುಪಿನಲ್ಲಿ ತಲೆಯಿಂದ ಕಾಲಿನವರೆಗೆ ಒಂದು ಬೆರಳೂ ಹೊರಗೆ ಕಾಣುವುದಿಲ್ಲ ಎಂದು ಕಂಡ ಮೇಲೆ ಆಕ್ಷೇಪಣೆ ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯದೆ ಸುಮ್ಮನಾದರು.

ಗೋಲಿನಲ್ಲಿ ನಿಲ್ಲುವವಳು ತನ್ನ ಮಗಳು ಎಂದು ಉಮರಾಕ ಆಫೀಸಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಪಟ್ಟಿ ಬರೆಯುವವನ ಮಗಳೇ ಆಡುತ್ತಾಳೆಂದರೆ ನಾಳೆ ಯಾರಾದರೂ ಬೆರಳು ತೋರಿಸಿಯಾರು ಎಂಬ ಹೆದರಿಕೆ. ಅಯ್ಯೋ, ತೋರಿಸಲು ಏನಿತ್ತು! ಈ ವರ್ಷ ಏಳು ಮ್ಯಾಚಿನಲ್ಲಿ ಅವಳನ್ನು ದಾಟಿ ಒಳಗೆ ಹೋದ ಗೋಲು ಎಂಬತ್ತು. ಎಂಬತ್ತನ್ನೂ ಬರೆದದ್ದು ಅಪ್ಪನ ಕೈ.

ಲೀಗಿನ ಅಧ್ಯಕ್ಷರು ಡಾಕ್ಟರ್ ಬಸ್ಸಾಮ್, ಜೋರ್ಡಾನಿನವರು. ಮೂಗಿನ ತುದಿಯಲ್ಲಿ ಸಿಟ್ಟು, ಒಳಗೆ ಬೆಣ್ಣೆ. ಅರಬ್ಬಿಯಲ್ಲಿ ಪಕಾರ ಇಲ್ಲದ್ದರಿಂದ ಅವರ ಇಂಗ್ಲಿಷಿನಲ್ಲಿ ಪಾರ್ಕಿಂಗು ಬಾರ್ಕಿಂಗು, ಪೇಪರು ಬೇಬರು, ಪಾಯಿಂಟು ಬಾಯಿಂಟು. ಇಪ್ಪತ್ತಕ್ಕೂ ಹೆಚ್ಚು ವರ್ಷ ಇಂಥ ಇಂಗ್ಲಿಷನ್ನೇ ಕೇಳಿ ಪಳಗಿದ ಉಮರಾಕ ಪ್ರತಿಯೊಂದು ಬಕಾರವನ್ನೂ ಆಯಾಸವಿಲ್ಲದೆ ಪಕಾರ ಮಾಡಿಕೊಳ್ಳುತ್ತಿದ್ದರು. ಆದರೆ ಆ ಸೋಮವಾರ ಮಾತ್ರ ಯಡವಟ್ಟಾಯಿತು.

ಮೀಟಿಂಗಿನಲ್ಲಿ ಡಾಕ್ಟರು ಮೇಜಿಗೆ ಗುದ್ದಿದರು. "ಐದು ವರ್ಷದಿಂದ ಈ ಲೀಗಿನಲ್ಲಿ ಬ್ಯಾರಿಟಿ ಮಾಫಿ, ಇಲ್ಲವೇ ಇಲ್ಲ! ಬ್ಯಾರಿಟಿ ಇಲ್ಲದ ಲೀಗನ್ನು ಯಾರು ನೋಡ್ತಾರೆ? ಉಮರ್! ಶನಿವಾರ ಕೊನೆಯ ಮ್ಯಾಚು. ಅಲ್ಲಿ ನನಗೆ ಬ್ಯಾರಿಟಿ ತೋರಿಸಬೇಕು. ಇಲ್ಲದಿದ್ದರೆ ಮದೀನತ್ ಜಾಯೆದ್ ತಂಡ ಖಲಾಸ್. ಮುಂದಿನ ವರ್ಷ ನಾಲ್ಕೇ ತಂಡ."

ಮಗಳ ತಂಡ ಖಲಾಸ್ ಎಂದದ್ದೇ ಉಮರಾಕ ಕುರ್ಚಿಯ ತುದಿಗೆ ಜಾರಿದರು. ಬ್ಯಾರಿ ಎಂಬ ಶಬ್ದಕ್ಕೆ ಕಿವಿ ಆಗಲೇ ನೆಟ್ಟಗಾಗಿತ್ತು. ಹೋದ ಚಳಿಗಾಲದಲ್ಲಿ ಐಸಿನ ಅಂಗಣವಾದ ರಿಂಕಿನೊಳಗೆ ಕೂತು ಕೆಮ್ಮುತ್ತಿದ್ದ ಡಾಕ್ಟರಿಗೆ ತಮ್ಮ ಫ್ಲಾಸ್ಕಿನಿಂದ ಏಲಕ್ಕಿ, ಲವಂಗ, ನಿಂಬೆ ಹಾಕಿದ ಸುಲೈಮಾನಿ ಕಪ್ಪು ಚಹಾ ಬಗ್ಗಿಸಿ ಕೊಟ್ಟದ್ದು ನೆನಪಾಯಿತು. ಅವತ್ತು ಡಾಕ್ಟರು ಮೂರು ಲೋಟ ಕುಡಿದು, ಇದೇನಿದು ಎಂದು ಕೇಳಿದ್ದರು. ನಮ್ಮ ಬ್ಯಾರಿ ಟೀ ಸಾರ್, ಎಂದು ಹೆಮ್ಮೆಯಿಂದ ಹೇಳಿದ್ದರು ಉಮರಾಕ. ಅದನ್ನು ಮರೆತಿಲ್ಲ ಪುಣ್ಯಾತ್ಮ!

"ಎಷ್ಟು ಜನಕ್ಕೆ ಸಾರ್?" ಎಂದು ಕೇಳಿದರು.

"ಐದೂ ತಂಡಕ್ಕೆ! ಸಮ ಸಮ!"

"ಸ್ಟ್ರಾಂಗ್ ಬೇಕಾ ಸಾರ್, ಲೈಟಾ?"

ಡಾಕ್ಟರ ಮುಖ ಅರಳಿತು. ತಮ್ಮ ಮಾತು ಅರ್ಥವಾದ ಒಬ್ಬನಾದರೂ ಈ ಆಫೀಸಿನಲ್ಲಿದ್ದಾನಲ್ಲ ಎಂಬ ಸಂತೋಷ. "ಸ್ಟ್ರಾಂಗ್, ವೀಕ್, ಎಲ್ಲ ಒಂದೇ ಲೆವೆಲ್! ಅದೇ ಬ್ಯಾರಿಟಿ, ಉಮರ್! ಯಲ್ಲಾ, ಹೋಗು ಮಾಡು!"

ಇದನ್ನು ಬಿಡಿಸಿ ಹೇಳಬಲ್ಲವರೆಂದರೆ ಕಂಪ್ಯೂಟರಿನಲ್ಲಿ ಲೀಗಿನ ರ‍್ಯಾಂಕಿಂಗ್ ಲೆಕ್ಕ ಹಾಕುವ ಮೈಸೂರಿನ ಶಾಮಸುಂದರ. ಅವರು ತಂಗಿಯ ಮಗಳ ಮದುವೆಗೆಂದು ಊರಿಗೆ ಹೋಗಿದ್ದರು.

ಶುಕ್ರವಾರ ಮನೆಯಲ್ಲಿ ಏಲಕ್ಕಿ ಕುಟ್ಟುತ್ತಾ ಝುಲೈಖ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲ, ನೂರು ಜನಕ್ಕೆ ಚಾ ಮಾಡ್ಲಿಕ್ಕೆ ಇದೆಂತ ಮದುವೆ ಮನೆಯಾ? ಚಾ ಕುಡಿದ್ರೆ ಗೋಲು ಹೋಗುದು ನಿಲ್ತದಾ?"

"ನಿಲ್ಲುದು ಬೇಡ ಮಾರಾಯ್ತಿ. ಡಾಕ್ಟರಿಗೆ ಖುಷಿ ಆದ್ರೆ ಸಾಕು. ಇವಳ ಟೀಮು ಉಳೀತದೆ."

ಸೋಫಾದಲ್ಲಿ ಬಿದ್ದುಕೊಂಡಿದ್ದ ಶಿಫಾನಾ ತಲೆ ಎತ್ತಿದಳು. "ಸೀರಿಯಸ್ಲೀ ಉಪ್ಪ? ಟೀ ಕುಡಿದು ಡಿಸೈಡ್ ಮಾಡ್ತಾರಾ? ನಾವು ಇಷ್ಟು ಪ್ರಾಕ್ಟೀಸ್ ಮಾಡಿದ್ದು ಫಾರ್ ನಥಿಂಗ್?" ಎಂದವಳೇ ಮುಖ ದಿಂಬಿಗೆ ಒತ್ತಿಕೊಂಡಳು. ಉಮರಾಕ, ಇನ್ನೂ ನಾಲ್ಕು ಲವಂಗ ಜಾಸ್ತಿ ಹಾಕು ಎಂದು ಹೆಂಡತಿಗೆ ಹೇಳಿದರು.

ಶನಿವಾರ ಮಧ್ಯಾಹ್ನ ಮೂರಕ್ಕೆ ಮ್ಯಾಚು. ಸಿಲಿಕಾನ್ ಓಯಸಿಸ್ ಎದುರಿಗೆ ಮದೀನತ್ ಜಾಯೆದ್. ಕೊನೆಯ ದಿನವಾದ್ದರಿಂದ ಉಳಿದ ಮೂರು ತಂಡಗಳೂ ನೋಡಲು ಬಂದಿದ್ದವು. ಈ ಆಟದಲ್ಲಿ ಇಪ್ಪತ್ತಿಪ್ಪತ್ತು ನಿಮಿಷದ ಮೂರು ಪಾಳಿ, ನಡುವೆ ಎರಡು ವಿರಾಮ. ಮೊದಲ ವಿರಾಮದಲ್ಲಿ ಉಮರಾಕ ಮಂಕಿ ಟೋಪಿ ಸರಿಮಾಡಿಕೊಂಡು ಆರು ದೊಡ್ಡ ಫ್ಲಾಸ್ಕುಗಳ ಜೊತೆ ಇಳಿದರು. ಎಲ್ಲರಿಗೂ ಒಂದೇ ಅಳತೆಯ ಲೋಟ, ಒಂದೇ ಗೆರೆಯವರೆಗೆ ಚಹಾ. ಸಮ ಸಮ ಎಂದಿದ್ದಾರಲ್ಲ ಡಾಕ್ಟರು! ಚಳಿ ದೇಶದ ಹುಡುಗಿಯರು ಒಂದು ಗುಟುಕು ಕುಡಿದು ಕಣ್ಣರಳಿಸಿದರು. ಎರಡನೆಯ ಲೋಟ ಕೇಳಿದರು. ಮೂರನೆಯದಕ್ಕೆ ಸಾಲು ನಿಂತರು. ಡಾಕ್ಟರೂ ಒಂದು ಲೋಟ ತೆಗೆದುಕೊಂಡು ಬೆನ್ನು ತಟ್ಟಿದರು. ಉಮರಾಕ ಗೆದ್ದೆನೆಂದುಕೊಂಡರು.

ಎರಡನೆಯ ವಿರಾಮದ ಹೊತ್ತಿಗೆ ಸ್ಕೋರು ಎರಡು ಒಂದು. ಸಿಲಿಕಾನ್ ಎರಡು, ಮದೀನತ್ ಜಾಯೆದ್ ಒಂದು. ಇದು ಚಹಾದ ಮಹಿಮೆಯೋ ಅಲ್ಲವೋ ಆ ದೇವರಿಗೇ ಗೊತ್ತು. ಅಷ್ಟರಲ್ಲಿ ಅವತ್ತು ಬೆಳಿಗ್ಗೆಯಷ್ಟೇ ಊರಿಂದ ಇಳಿದಿದ್ದ ಶಾಮಸುಂದರ ಬಂದು ಪಕ್ಕದಲ್ಲಿ ಕೂತರು. ಉಮರಾಕ ಅವರಿಗೂ ಒಂದು ಲೋಟ ಕೊಟ್ಟು, ಡಾಕ್ಟರು ಬ್ಯಾರಿ ಟೀ ಕೇಳಿದ ಕತೆಯನ್ನು ಸಂಭ್ರಮದಿಂದ ಹೇಳಿದರು.

ಶಾಮಸುಂದರರ ಗಂಟಲಿನಲ್ಲಿ ಚಹಾ ಸಿಕ್ಕಿಕೊಂಡಿತು. "ಏನ್ರೀ ಉಮರ್, ಬ್ಯಾರಿ ಟೀ ಅಲ್ಲ ಕಣ್ರೀ! ಪ್ಯಾರಿಟಿ! ಪ್ಯಾರಿಟಿ ಅಂದ್ರೆ ಸಮಬಲ. ತಂಡ ತಂಡಗಳ ನಡುವೆ ಅಂತರ ಕಮ್ಮಿ ಇರ್ಬೇಕು, ಪೈಪೋಟಿ ಇರ್ಬೇಕು ಅಂತ. ಅದನ್ನ ಅಂಕಿ ಅಂಶದಲ್ಲಿ ತೋರಿಸು ಅಂದಿದಾರೆ. ಬೇಬರ್ ಮಾಡಿದೀರೇನ್ರೀ?"

ಬೇಬರೂ ಇಲ್ಲ, ಪೇಪರೂ ಇಲ್ಲ. ಉಮರಾಕ ತಮ್ಮನ್ನೇ ಬೈದುಕೊಂಡರು. ಇಷ್ಟು ವರ್ಷ ಎಲ್ಲ ಬಕಾರಗಳನ್ನೂ ಸರಿಯಾಗಿ ತಿದ್ದಿಕೊಂಡವನು ತನ್ನದೇ ಜಾತಿಯ ಹೆಸರು ಕೇಳಿ ಮರುಳಾದೆನಲ್ಲ! ಮಗಳ ತಂಡವನ್ನು ಉಳಿಸಬೇಕಾಗಿದ್ದ ಐದು ದಿನವನ್ನು ಏಲಕ್ಕಿ ಕುಟ್ಟಿಸುವುದರಲ್ಲಿ ಕಳೆದೆನಲ್ಲ! ತಲೆ ಚಚ್ಚಿಕೊಳ್ಳೋಣವೆಂದರೆ ಕೈಯಲ್ಲಿ ಫ್ಲಾಸ್ಕು.

ಮೂರನೆಯ ಪಾಳಿಯನ್ನು ಅವರು ನೋಡಿದ್ದು ಅರ್ಧ ಕಣ್ಣಿನಲ್ಲಿ. ಬಿಲ್ಲೆ ಮಗಳ ಕಡೆಗೆ ಹಾರಿದಾಗಲೆಲ್ಲ ಪೆನ್ನು ಹಿಡಿದ ಕೈ ತಾನಾಗಿ ಸಿದ್ಧವಾಗುತ್ತಿತ್ತು. ಬರೆಯಬೇಕಾಗಿ ಬರಲಿಲ್ಲ. ಎದೆಗೆ, ಮೊಣಕಾಲಿಗೆ, ಒಮ್ಮೆ ಮುಖವಾಡಕ್ಕೇ ತಾಗಿಸಿಕೊಂಡು ಶಿಫಾನಾ ಎಲ್ಲವನ್ನೂ ತಡೆದಳು. ಮ್ಯಾಚು ಎರಡು ಒಂದರಲ್ಲೇ ಮುಗಿಯಿತು. ಸೋತದ್ದು ಸೋತದ್ದೇ. ಎಂಟು ಮ್ಯಾಚು, ಎಂಟು ಸೋಲು, ಪಟ್ಟಿಯಲ್ಲಿ ಪಾಯಿಂಟು ಸೊನ್ನೆ.

ಡಾಕ್ಟರ್ ಬಸ್ಸಾಮ್ ಸ್ಕೋರಿನ ಮೇಜಿಗೆ ಬಂದು ಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಮತ್ತೆ ಸೊನ್ನೆ. ಎಲ್ಲಿ ಬ್ಯಾರಿಟಿ? ನಿನ್ನ ಬೇಬರ್ ಎಲ್ಲಿ?"

ಉಮರಾಕ ಟೋಪಿ ತೆಗೆದರು. ಪೇಪರಿಲ್ಲ ಎಂದು ಒಪ್ಪಿಕೊಂಡರು. ಆಮೇಲೆ ಊರಿನ ವಾಲಿಬಾಲ್ ಕೋರ್ಟಿನಲ್ಲಿ ಮೈಕ್ ಹಿಡಿದು ಅಂಕ ಕೂಗುತ್ತಿದ್ದ ದನಿಯಲ್ಲೇ ಶುರುಮಾಡಿದರು. "ಈ ಪಟ್ಟಿಯಲ್ಲಿ ಒಟ್ಟು ಮಾತ್ರ ಕಾಣ್ತದೆ ಸಾರ್. ನಾನು ಬಿಡಿಬಿಡಿಯಾಗಿ ಹೇಳ್ತೇನೆ. ಮೊದಲ ಮ್ಯಾಚು, ಇದೇ ಸಿಲಿಕಾನ್ ಎದುರಿಗೆ, ಇವರ ಮೇಲೆ ಹೋದದ್ದು ಹತ್ತೊಂಬತ್ತು. ಎರಡನೆಯದಕ್ಕೆ ಹದಿನಾರು. ಆಮೇಲೆ ಹದಿನೈದು. ಹನ್ನೊಂದು. ಒಂಬತ್ತು. ಆರು. ನಾಲ್ಕು. ಇವತ್ತು ಅದೇ ಸಿಲಿಕಾನ್ ಎದುರಿಗೆ ಎರಡು. ಹತ್ತೊಂಬತ್ತು ಇದ್ದದ್ದು ಎರಡಕ್ಕೆ ಬಂತು ಸಾರ್. ಐದು ತಂಡದಲ್ಲಿ ಇಷ್ಟು ಮೇಲೆ ಬಂದ ತಂಡ ಬೇರೆ ಇಲ್ಲ. ಪಾಯಿಂಟು ಸೊನ್ನೆ, ಆದ್ರೆ ಇದೇ ಪ್ಯಾರಿಟಿ."

ಶಾಮಸುಂದರ ಅವಸರದಲ್ಲಿ ಮೊಬೈಲಿನಲ್ಲಿ ಹಳೆಯ ಸ್ಕೋರುಗಳನ್ನು ತೆಗೆದು ನೋಡಿ, ಎಲ್ಲ ಸರಿ ಎಂದು ತಲೆಯಾಡಿಸಿದರು.

ಡಾಕ್ಟರು ಹುಬ್ಬು ಗಂಟಿಕ್ಕಿದರು. "ಕಾಗದ ನೋಡದೆ ಎಂಟೂ ಮ್ಯಾಚಿನ ಲೆಕ್ಕ ಹೇಗೆ ನೆನಪಿದೆ ನಿನಗೆ?"

"ಗೋಲಿನಲ್ಲಿ ನಿಂತದ್ದು ನನ್ನ ಮಗಳು ಸಾರ್."

ಡಾಕ್ಟರು ಐಸಿನ ಕಡೆ ನೋಡಿದರು, ಉಮರಾಕರನ್ನು ನೋಡಿದರು. "ನಿನ್ನ ಮಗಳಾ? ನಿನ್ನ ಮಗಳ ಮೇಲೆ ಹತ್ತೊಂಬತ್ತು ಅಂತ ನೀನೇ ಬರೆದೆಯಾ?"

"ಹೋದದ್ದು ಹತ್ತೊಂಬತ್ತೇ ಅಲ್ವಾ ಸಾರ್."

ಡಾಕ್ಟರು ಮೂಗು ಒರೆಸಿಕೊಂಡು, ಈ ರಿಂಕಿನ ಚಳಿಯನ್ನು ಬೈದು, "ಮುಂದಿನ ವರ್ಷವೂ ಐದು ತಂಡ. ಖಲಾಸ್, ಇನ್ನು ಮಾತಿಲ್ಲ" ಎಂದು ನಡೆದುಬಿಟ್ಟರು. ಉಮರಾಕ ಟೋಪಿ ಮತ್ತೆ ಹಾಕಿಕೊಂಡು ತಿರುಗಿದರು.

ಹಿಂದೆ ಶಿಫಾನಾ ನಿಂತಿದ್ದಳು. ಮುಖವಾಡ ಕಂಕುಳಲ್ಲಿ, ಬೆವರಿಗೆ ಅಂಟಿದ ಸ್ಕಾರ್ಫು, ಕೆಂಪಗಾದ ಕಣ್ಣು. ಯಾವಾಗಿನಿಂದ ನಿಂತಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು.

"ಓ ಮೈ ಗಾಡ್, ಉಪ್ಪ! ಎಲ್ಲರ ಎದುರಿಗೆ ಎಂಬತ್ತೆರಡೂ ಹೇಳಿಬಿಟ್ರಲ್ಲ! ನನ್ನ ಮಾನ ಹೋಯ್ತು. ಆ ಫಸ್ಟ್ ಮ್ಯಾಚಿದ್ದಾದ್ರೂ ಸ್ವಲ್ಪ ಕಮ್ಮಿ ಮಾಡಿ ಹೇಳ್ಬಾರ್ದಿತ್ತಾ?"

ಉಮರಾಕ ಮಗಳ ಒದ್ದೆ ಕೈಗವಸನ್ನು ಹಿಡಿದುಕೊಂಡರು. ಅವರ ಕಣ್ಣಲ್ಲೂ ನೀರು ಬಂದಿತ್ತು, ಮೀಸೆಯ ಕೆಳಗೆ ನಗುವೂ ಇತ್ತು.

"ಅವತ್ತಿನ ಹತ್ತೊಂಬತ್ತನ್ನು ನಾನು ಕಮ್ಮಿ ಮಾಡಿದ್ದಿದ್ರೆ, ಇವತ್ತಿನ ಎರಡನ್ನು ಯಾರು ನಂಬ್ತಿದ್ರು ಮಗಳೇ?"