ಜಪಾನಿ ಕಲಿಸಿದ ತಿಕೋಟಾದ ಅಕ್ಕೋರು

ಕಳೆದ ವಾರ ವಿಜಯಪುರದ ಜೋರಾಪುರ ಪೇಟೆಯ ಅಂಗಡಿಯೊಂದರಲ್ಲಿ ಒಣದ್ರಾಕ್ಷಿಯ ಡಬ್ಬಿ ತೆರೆದರು. ಗಂಧಕದ ಹೊಗೆ ಕೊಟ್ಟ ಹಳದಿ ದ್ರಾಕ್ಷಿಗೆ ಒಂದು ವಾಸನೆ ಇರುತ್ತದೆ, ಮೂಗಿನ ತುದಿಗೆ ಚುರ್ ಎನ್ನುತ್ತದೆ. ಆ ವಾಸನೆ ಬಂದರೆ ಬೇರೆಯವರಿಗೆ ಹೋಳಿಗೆಯೋ ಪಾಯಸವೋ ನೆನಪಾದೀತು. ನನಗೆ ಜಪಾನಿ ವ್ಯಾಕರಣ ನೆನಪಾಗುತ್ತದೆ, ಅದನ್ನು ಕಲಿಸಿದ ಅಕ್ಕೋರು ನೆನಪಾಗುತ್ತಾರೆ...

ಆಗಷ್ಟೇ ನರ್ಸಿಂಗ್ ಮುಗಿಸಿದ್ದೆ. ಜಪಾನಿನ ವೃದ್ಧಾಶ್ರಮಗಳಲ್ಲಿ ಕೆಲಸವಿದೆ, ಭಾಷೆ ಬಂದರೆ ಕರೆಸಿಕೊಳ್ಳುತ್ತಾರೆ ಎಂದು ಗೆಳತಿಯೊಬ್ಬಳು ಹೇಳಿದಳು. ಹೋಗಲೇಬೇಕು ಎಂದು ಹಟ ಹಿಡಿದೆ. ವಿಜಯಪುರವೆಲ್ಲ ಹುಡುಕಿದರೂ ಕಲಿಸುವವರು ಸಿಗಲಿಲ್ಲ, ಸಿಕ್ಕಿದ್ದು ತಿಕೋಟಾದಲ್ಲಿ. ನಮ್ಮ ಕಾಕಾ ನಕ್ಕಿದ್ದೇ ನಕ್ಕಿದ್ದು. "ತಿಕೋಟಾದ ಮಂದಿ ಇಂಗ್ಲಿಷ್ ಕಲಿಯಾಕ ವಿಜಯಪುರಕ್ಕ ಬರ್ತಾರ. ನಮ್ಮ ಹುಡುಗಿ ಜಪಾನಿ ಕಲಿಯಾಕ ತಿಕೋಟಾಕ್ಕ ಹೊಂಟಾಳ ನೋಡ್ರಿ," ಎಂದು ತನ್ನ ಅಂಗಡಿಗೆ ಬಂದವರಿಗೆಲ್ಲ ಹೇಳಿದ.

ಅಕ್ಕೋರು ಹಗಲೆಲ್ಲ ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ಕೂಲಿ ಮಾಡುತ್ತಿದ್ದರು. ವಯಸ್ಸಿನಲ್ಲಿದ್ದಾಗ ಗಂಡನ ಜೊತೆ ಬುದ್ಧಗಯಾದಲ್ಲಿದ್ದವರು. ಅಲ್ಲಿ ಜಪಾನಿ ಯಾತ್ರಿಕರು ಇಳಿದುಕೊಳ್ಳುವ ಒಂದು ಛತ್ರದಲ್ಲಿ ಹನ್ನೆರಡು ವರ್ಷ ಅಡುಗೆ ಮಾಡಿದರಂತೆ. ಮೊದಲು ಕಿವಿಯಿಂದ ಮಾತು ಕಲಿತರು, ಆಮೇಲೆ ಯಾತ್ರಿಕರು ಬಿಟ್ಟುಹೋದ ಪುಸ್ತಕಗಳಿಂದ ಅಕ್ಷರ. ಗಂಡ ತೀರಿಕೊಂಡ ಮೇಲೆ ಊರಿಗೆ ಬಂದರು. ಸರ್ಟಿಫಿಕೇಟು ಒಂದೂ ಇರಲಿಲ್ಲ. ನಾನು ಮುಂದೆ ದೊಡ್ಡ ದೊಡ್ಡ ಪದವಿಯವರ ಕೈಯಲ್ಲಿ ಕಲಿತಿದ್ದೇನೆ, ಆದರೆ ಅಷ್ಟು ಸೊಗಸಾಗಿ ಕಲಿಸುವವರನ್ನು ಮತ್ತೆ ನೋಡಲಿಲ್ಲ.

ವಾರಕ್ಕೆ ಮೂರು ದಿನ ಸಂಜೆ ಪಾಠ. ವಿದ್ಯಾರ್ಥಿಗಳು ಇಬ್ಬರೇ, ನಾನು ಮತ್ತು ಬಬಲೇಶ್ವರದ ಹತ್ತಿರದ ಜೈನಾಪುರದಿಂದ ಬರುತ್ತಿದ್ದ ಒಬ್ಬಳು. ಅಕ್ಕೋರ ಮನೆ ಒಂದೇ ಕೋಣೆ, ಗೋಡೆಯ ಮೇಲೆ ಬುದ್ಧನ ಪಟ. ಆ ಪಟದ ಸುದ್ದಿ ಮೊದಲ ದಿನವೇ ನಮ್ಮ ಅಜ್ಜಿಗೆ ಹೇಳಿಬಿಟ್ಟಿದ್ದೆ, ನನ್ನ ತಪ್ಪು. ಅವರು ಯಾವ ಓಣಿಯವರು, ಯಾವ ಮಂದಿ ಎಂದು ಆಕೆ ಒಂದೇ ಮಾತಿನಲ್ಲಿ ತಿಳಿದುಕೊಂಡಳು. "ಪಾಠ ಕಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಅವರ ಮನ್ಯಾಗ ನೀರೂ ಮುಟ್ಟಬ್ಯಾಡ," ಎಂದು ಬಾಟಲಿಗೆ ನೀರು ತುಂಬಿ ಕೊಟ್ಟಳು. ನಾನು ಓದಿದವಳು, ದೂರ ದೇಶಕ್ಕೆ ಹೋಗಲು ಹೊರಟವಳು. ಆದರೂ ಹೂಂ ಅಂದೆ.

ಹಾಗಾಗಿ ಅಕ್ಕೋರು ಚಹಾ ಇಡಲು ಎದ್ದಾಗಲೆಲ್ಲ ನನಗೆ ಉಪವಾಸ. ಪಾಠ ಸೋಮವಾರ, ಗುರುವಾರ, ಶನಿವಾರ. ಪುಣ್ಯಕ್ಕೆ ಮೂರಕ್ಕೂ ಒಬ್ಬೊಬ್ಬ ದೇವರಿದ್ದಾನೆ. ನನ್ನ ಭಕ್ತಿ ವಾರದಿಂದ ವಾರಕ್ಕೆ ಹೆಚ್ಚುತ್ತಾ ಹೋಯಿತು.

ಒಂದು ಸಂಜೆ ಹೋಲಿಕೆಯ ಪಾಠ ಬಂತು. ಅಕ್ಕೋರು ಒಂದು ತಾಟಿನಲ್ಲಿ ಎರಡು ಗುಂಪು ಒಣದ್ರಾಕ್ಷಿ, ಅಂದರೆ ನಮ್ಮ ಕಡೆಯ ಮನುಕ, ಇಟ್ಟರು, ಒಂದು ಹಳದಿ, ಒಂದು ಕಪ್ಪು. "ಯೋರಿ ಅಂದ್ರ ನಮ್ಮ 'ಕಿಂತ'. ಹೆದರಬ್ಯಾಡ್ರಿ, ಇಂಗ್ಲಿಷಿನಂಗ ತಲಿಕೆಳಗ ಮಾಡೂದಿಲ್ಲ, ನಮ್ಮಂಗ ಸೀದಾ ಹೇಳ್ತಾರ," ಎಂದರು. ಕೋರೆ ವಾ ಆರೆ ಯೋರಿ ಆಮಾಯ್ ದೇಸ್. ಇದು ಅದಕ್ಕಿಂತ ಸಿಹಿ. ಎಲ್ಲವೂ ಕನ್ನಡದ ಜಾಗದಲ್ಲೇ ಕೂತಿತ್ತು. ಆದರೆ ಅಕ್ಕೋರದೊಂದು ಕಟ್ಟುನಿಟ್ಟಿನ ರೂಢಿ ಇತ್ತು. ಯಾವುದನ್ನಾದರೂ ಹೆಚ್ಚು ಕಡಿಮೆ ಅನ್ನಬೇಕಾದರೆ ಮೊದಲು ಎರಡನ್ನೂ ತಿಂದು ನೋಡಬೇಕು, ಆಮೇಲೆ ಬಾಯಿ ತೆರೆಯಬೇಕು. ಶೆಡ್ಡಿನಲ್ಲಿ ಮಾಲು ಆರಿಸುವವರ ಪದ್ಧತಿ ಅದು.

ಜೈನಾಪುರದವಳು ಎರಡೆರಡು ಬಾಯಿಗೆ ಹಾಕಿಕೊಂಡು ತಡವರಿಸುತ್ತಾ ವಾಕ್ಯ ಹೇಳಿದಳು. ನಾನು ತಾಟು ಮುಟ್ಟದೆ, ಒಂದು ಅಕ್ಷರ ತಪ್ಪದೆ ಹೇಳಿದೆ, ಹಳದಿಯದು ಕಪ್ಪಿನದಕ್ಕಿಂತ ಸಿಹಿ.

"ವಾಕ್ಯ ಬರೋಬ್ಬರಿ ಐತಿ," ಎಂದರು ಅಕ್ಕೋರು. "ಆದ್ರ ನೀ ತಿಂದಿಲ್ಲಲ್ಲ?"

"ಇವತ್ತ ಶನಿವಾರ ಅಲ್ಲರಿ ಅಕ್ಕೋರ, ನನ್ನ ಉಪಾಸ."

ಜೈನಾಪುರದವಳು ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. "ಏ, ಉಪಾಸಕ್ಕ ಮನುಕ ನಡೀತಾವಲ್ಲ. ನಮ್ಮವ್ವ ಉಪಾಸ ಇದ್ದಾಗ ಅದನ್ನ ತಿಂತಾಳ."

ಹೌದು, ನಮ್ಮ ಅಜ್ಜಿಯೂ ಅದನ್ನೇ ತಿನ್ನುತ್ತಾಳೆ. ಉಪವಾಸದ ನೆಪ ಹೇಳಲು ಇಡೀ ಜಗತ್ತಿನಲ್ಲಿ ನನಗೆ ಸಿಕ್ಕಿದ್ದು ಒಣದ್ರಾಕ್ಷಿ. ಅಕ್ಕೋರು ಒಂದು ಕ್ಷಣ ನನ್ನ ನೀರಿನ ಬಾಟಲಿ ನೋಡಿದರು. ಆಮೇಲೆ ಜೈನಾಪುರದವಳ ಕಡೆ ತಿರುಗಿ, "ಅವರ ಮನ್ಯಾಗ ಕಡಕ್ ಉಪಾಸ ಇರಬೇಕು ಬಿಡವ್ವ," ಎಂದರು. ಅವರಿಗೆ ಎಲ್ಲವೂ ಗೊತ್ತಾಗಿತ್ತು. ಎಷ್ಟು ದಿನದಿಂದ ಗೊತ್ತಿತ್ತೋ...

ಮುಂದಿನ ಪಾಠಕ್ಕೆ ಹೋದಾಗ ತಾಟು ಇರಲಿಲ್ಲ. ಎರಡು ಕಲ್ಲು, ಎರಡು ಹಗ್ಗ, ಸಣ್ಣದೊಂದು ದೊಡ್ಡದೊಂದು ತಂಬಿಗೆ ಇಟ್ಟಿದ್ದರು. ಯಾವುದು ಭಾರ, ಯಾವುದು ಉದ್ದ, ಕೈಯಲ್ಲಿ ಹಿಡಿದು ನೋಡಿ ಹೇಳಬೇಕು. ತಿನ್ನುವ ವಸ್ತುವನ್ನು ಆ ಮೇಲೆ ಅವರು ಪಾಠಕ್ಕೆ ತರಲೇ ಇಲ್ಲ. ನನ್ನನ್ನು ಅವಮಾನದಿಂದ ಉಳಿಸಲು ಪಾಠವನ್ನೇ ಬದಲಿಸಿದರು. ತಮಗಾದ ಅವಮಾನವನ್ನು ಬದಿಗಿಟ್ಟರು. ನಾನಾದರೂ ಅಂದೇ ಚಹಾ ಕೇಳಿ ಕುಡಿಯಬಹುದಿತ್ತು. ಕುಡಿದರೆ ಅಷ್ಟು ದಿನ ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡಂತೆ ಆಗುತ್ತದಲ್ಲ ಎಂದು ಬಾಟಲಿಯ ನೀರನ್ನೇ ಕುಡಿದೆ.

ಏಳು ತಿಂಗಳಿಗೆ ಸಂದರ್ಶನ ಬಂತು, ಕಂಪ್ಯೂಟರಿನ ಪರದೆಯ ಮೇಲೆ. ಭಾರತದ ಊಟ, ಜಪಾನಿನ ಊಟ, ಎರಡರಲ್ಲಿ ಯಾವುದು ಹೆಚ್ಚು ಇಷ್ಟ ಎಂದು ಕೇಳಿದರು. ಜಪಾನಿನದೇ ಎನ್ನಬೇಕೆಂದು ಎಲ್ಲರೂ ಬಾಯಿಪಾಠ ಮಾಡುತ್ತಾರೆ, ನಾನೂ ಮಾಡಿದ್ದೆ. ನಾಲಿಗೆ ಏಳಲಿಲ್ಲ. "ಜಪಾನಿನ ಊಟ ಇನ್ನೂ ತಿಂದಿಲ್ಲ, ತಿಂದು ನೋಡಿ ಹೇಳುತ್ತೇನೆ," ಎಂದೆ. ಆ ಕಡೆಯ ಹೆಂಗಸು ನಕ್ಕುಬಿಟ್ಟಳು. ವಾರದಲ್ಲಿ ಆಯ್ಕೆಯ ಪತ್ರ ಬಂತು.

ಸುದ್ದಿ ಹೇಳಲು ತಿಕೋಟಾಕ್ಕೆ ಓಡಿದೆ. ಇವತ್ತು ಚಹಾ ಕುಡಿದೇ ಬರುವುದು ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಅಕ್ಕೋರು ಮಧ್ಯಾಹ್ನದ ಬಿಡುವಿಗೆ ಶೆಡ್ಡಿನಿಂದ ಬರುವವರೆಗೆ ಬಾಗಿಲಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಬಂದರು, ಸುದ್ದಿ ಕೇಳಿ ನನ್ನ ಗಲ್ಲ ಹಿಡಿದು ಕಣ್ಣು ತುಂಬಿಕೊಂಡರು. "ಕೂಡ್ರು, ಚಹಾ ಮಾಡ್ತೀನಿ," ಎಂದರು. ಅಷ್ಟರಲ್ಲಿ ವಿಜಯಪುರದ ಬಸ್ಸು ಹಾರ್ನ್ ಹಾಕಿತು. ಅದು ತಪ್ಪಿದರೆ ಆ ಕೆಲಸಕ್ಕೆಂದು ಸಂಜೆ ಆಸ್ಪತ್ರೆಯಲ್ಲಿ ಮಾಡಿಸಬೇಕಿದ್ದ ಆರೋಗ್ಯ ತಪಾಸಣೆ ತಪ್ಪುತ್ತಿತ್ತು, ಅದು ತಪ್ಪಿದರೆ ಕೆಲಸವೇ ತಪ್ಪುತ್ತಿತ್ತು.

"ಬಸ್ ಹೊಂಟೈತ್ರಿ ಅಕ್ಕೋರ, ಇನ್ನೊಮ್ಮೆ ಬರ್ತೀನಿ," ಎಂದೆ.

"ಹೂಂನವ್ವ, ಹೋಗಿ ಬಾ," ಎಂದರು. ಕಡಕ್ ಉಪಾಸ ಎಂದಾಗ ಇದ್ದ ದನಿಯೇ ಅದು. ಅವತ್ತು ಮಾತ್ರ ನಾನು ಸುಳ್ಳು ಹೇಳಿರಲಿಲ್ಲ.

ಹೊರಡುವ ಗಡಿಬಿಡಿಯಲ್ಲಿ ಆ 'ಇನ್ನೊಮ್ಮೆ' ಬರಲೇ ಇಲ್ಲ. ನಾನು ಜಪಾನಿಗೆ ಹೋದ ಎರಡನೆಯ ವರ್ಷ ಅಕ್ಕೋರು ತೀರಿಕೊಂಡರು. ನಾಲ್ಕು ವರ್ಷದ ಮೇಲೆ ರಜೆಗೆ ಬಂದ ನಾನು ನಿನ್ನೆ ತಿಕೋಟಾಕ್ಕೆ ಹೋಗಿದ್ದೆ. ಮನೆಯಲ್ಲಿ ಈಗ ಅವರ ಮಗಳು ಇದ್ದಾಳೆ, ಕನಮಡಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದವಳು, ಗಂಡ ಮಕ್ಕಳೊಡನೆ ಇಲ್ಲಿಗೇ ಬಂದಿದ್ದಾಳೆ. ಆಕೆ ಕೇಳುವ ಮೊದಲೇ ನಾನು ಚಹಾ ಕೇಳಿದೆ. ಶುಂಠಿ ಜಜ್ಜಿ ಹಾಕಿ ಮಾಡಿಕೊಟ್ಟಳು. ನಾನು ಕುಡಿಯುವುದನ್ನೇ ನೋಡುತ್ತಾ ಕೂತವಳು ಕೇಳಿದಳು, "ನಮ್ಮವ್ವನ ಚಹಾ ಇದಕಿಂತ ಛಲೋ ಇರ್ತಿತ್ತು, ಅಲ್ಲೇನ್ರಿ ಅಕ್ಕಾ?"

ಹೌದು ಎಂದುಬಿಟ್ಟರೆ ಆಕೆಗೂ ಸಂತೋಷವಾಗುತ್ತಿತ್ತು.

"ನನಗ ಗೊತ್ತಿಲ್ಲವ್ವ," ಎಂದೆ. "ಏಳು ತಿಂಗಳು ಈ ಮನಿಗೆ ಬಂದು ಹೋದೆ. ಒಮ್ಮೀನೂ ಕುಡೀಲಿಲ್ಲ."